ಕೊಳದಪ್ಪನ ತಿಳಿನೀರು

ಆ ಬೆಳಿಗ್ಗೆ ಫೋನು ಎತ್ತದೇ ಇದ್ದಿದ್ದರೆ ಕೊಳದಪ್ಪ ಅವನ ಪಾಡಿಗೆ, ಕೊಳ ಅದರ ಪಾಡಿಗೆ ಇದ್ದುಬಿಡಬಹುದಿತ್ತು. ಆದರೆ ಅವನು ಬಡಿದುಕೊಳ್ಳುವ ಫೋನನ್ನು ಅಳುವ ಮಗುವೆಂದೇ ತಿಳಿದು ಓಡುವ ಪೈಕಿ. ಒದ್ದೆ ಕೈಯನ್ನು ಅಂಗಿಗೆ ಒರೆಸಿಕೊಂಡು ಎತ್ತಿಕೊಂಡ.

"ಯಾರು, ಪುಟ್ಟನಾ?"

ಅರವತ್ತು ದಾಟಿದ ಅವನನ್ನು ಪುಟ್ಟ ಎಂದು ಕರೆಯುವ ಜೀವ ಲೋಕದಲ್ಲಿ ಒಂದೇ ಉಳಿದಿತ್ತು: ಅವನ ಸೋದರತ್ತೆ.

"ಹೂಂ ಅತ್ತೆ, ನಾನೇ."

"ಪೆಟ್ಟಿಗೆ ಕಟ್ಟಿ ಆಯ್ತು ಕಣೋ. ಹೊರಟೆ. ಸಂಜೆ ಹೊತ್ತಿಗೆ ನಿನ್ನ ಮನೇಲಿರ್ತೀನಿ."

"ಇವತ್ತಾ?"

"ಇವತ್ತಲ್ದೆ ಇನ್ಯಾವತ್ತು? ನನ್ನ ವಯಸ್ಸೇನು ಹಿಂದಕ್ಕೆ ನಡೀತಿದೆಯಾ? ನೀನು ಈ ಕಡೆಯಿಂದ ಆ ಕಡೆಗೆ ಈಜೋದನ್ನ ಒಂದ್ಸಲ ಕಣ್ತುಂಬ ನೋಡ್ಬೇಕು. ಅಷ್ಟೇ ಆಸೆ."

ಅತ್ತೆ ಫೋನು ಇಟ್ಟಳು. ಕೊಳದಪ್ಪ ಇಡಲಿಲ್ಲ. ಬಾಯಿ ಸತ್ತ ಫೋನನ್ನು ಕಿವಿಗೆ ಒತ್ತಿಕೊಂಡು, ಹಿತ್ತಲ ಬಾಗಿಲಾಚೆ ಬೆಳಗಿನ ಬಿಸಿಲಿಗೆ ಮಿನುಗುತ್ತಿದ್ದ ತನ್ನ ನೀರನ್ನೇ ನೋಡುತ್ತ ನಿಂತುಬಿಟ್ಟ.

ಕೊಳದಪ್ಪ ಎಂಬುದು ಬೀದಿಯವರು ಇಟ್ಟ ಹೆಸರು. ಆಯುಷ್ಯವೆಲ್ಲ ತಕ್ಕಡಿ ರಿಪೇರಿ ಮಾಡಿಕೊಂಡಿದ್ದವನು ಅವನು. ಅಂಗಡಿ ಮುಚ್ಚುವ ಹೊತ್ತಿಗೆ ಹೆಂಡತಿಯ ಮಂಡಿಗಳು ಮುಷ್ಕರ ಹೂಡಿದವು. ದಿನಾ ನೀರಿನಲ್ಲಿ ನಡೆದರೆ ಮಾತ್ರ ಮಂಡಿ ಉಳಿಯುತ್ತದೆ ಎಂದರು ಡಾಕ್ಟರು. ಹಿಂದಿನ ಮಾಲೀಕ ಆಸೆಯಿಂದ ಕಟ್ಟಿಸಿ, ಬೇಸರದಿಂದ ಕಪ್ಪೆಗಳಿಗೆ ಬಿಟ್ಟುಹೋಗಿದ್ದ ಈಜುಕೊಳವೊಂದು ಈ ಮನೆಯ ಹಿತ್ತಲಲ್ಲಿತ್ತು. ಗಂಡ ಹೆಂಡತಿ ಮನೆ ನೋಡಲಿಲ್ಲ, ಕೊಳ ನೋಡಿ ಬಂದು ಸೇರಿದರು.

ಅದು ಉಪ್ಪುನೀರಿನ ಕೊಳ. ಉಪ್ಪುನೀರೆಂದರೆ ಸಮುದ್ರವಲ್ಲ, ಬಾಯಿಗೆ ಹಾಕಿಕೊಂಡರೆ ಕಣ್ಣೀರಿಗಿಂತ ಸಪ್ಪೆ. ಪಂಪಿನ ಗೂಡಿನಲ್ಲಿ ಮೊಳದುದ್ದದ ಒಂದು ಗಾಜಿನಂಥ ಕೊಳವೆ, ಅದರೊಳಗೆ ಬಾಚಣಿಗೆ ಹಲ್ಲಿನಂತೆ ಜೋಡಿಸಿದ ತಗಡುಗಳು. ಕರೆಂಟು ಹರಿದಾಗ ಆ ತಗಡುಗಳು ನೀರಿನ ಉಪ್ಪನ್ನೇ ಒಡೆದು ಕ್ಲೋರಿನ್ ಮಾಡುತ್ತವೆ, ಅದು ಪಾಚಿಯನ್ನು ಕೊಂದು ಮತ್ತೆ ಉಪ್ಪಾಗಿ ನೀರಿಗೇ ಮರಳುತ್ತದೆ. ಕೇಳಲು ಸುಲಭ. ಸಾಕಲು ಮಾತ್ರ ಅತ್ತೆ ಸೊಸೆ ಇಬ್ಬರನ್ನೂ ಒಂದೇ ಅಡಿಗೆಮನೆಯಲ್ಲಿ ಇಟ್ಟುಕೊಂಡಷ್ಟು ಕಷ್ಟ. ಕ್ಷಾರ ಏರಿದರೆ ನೀರು ಮಬ್ಬು, ಆಗ ಆಸಿಡ್ಡು ಬೇಕು; ಆಸಿಡ್ಡು ಹೆಚ್ಚಾದರೆ ಕಣ್ಣುರಿ, ಆಗ ಸೋಡಾ ಬೇಕು. ಇವಳಿಗೆ ಸಮಾಧಾನ ಹೇಳಿದರೆ ಅವಳು ಮುನಿಸಿಕೊಳ್ಳುತ್ತಾಳೆ.

ತಕ್ಕಡಿಯ ಮುಳ್ಳನ್ನು ನಡುವೆ ನಿಲ್ಲಿಸಿಯೇ ತಲೆ ನರೆತ ಕೊಳದಪ್ಪನಿಗೆ ಈ ಕೆಲಸ ಹೇಳಿ ಮಾಡಿಸಿದ ಹಾಗಿತ್ತು. ಎದ್ದ ಕೂಡಲೇ, ಮಗುವಿನ ಹಣೆ ಮುಟ್ಟಿ ಜ್ವರ ನೋಡುವ ತಾಯಿಯಂತೆ, ನೀರಿಗೆ ಕೈಯಿಡುತ್ತಿದ್ದ. ಬಣ್ಣ ಬದಲಿಸುವ ಕಾಗದದ ಪಟ್ಟಿಯನ್ನು ಅದ್ದಿ, ಬಿಸಿಲಿಗೆ ಹಿಡಿದು, ಹುಬ್ಬು ಗಂಟಿಕ್ಕಿ ಓದುತ್ತಿದ್ದ. ಬೀದಿಯಲ್ಲಿ ಯಾರ ಮನೆಯ ತೊಟ್ಟಿ ಕೆಟ್ಟರೂ ಅವನಿಗೇ ಬುಲಾವು. ನೀರಿನ ಒಳಗುಟ್ಟೆಲ್ಲ ತಿಳಿದಿದ್ದ ಅವನಿಗೆ ತಿಳಿಯದೆ ಉಳಿದದ್ದು ಒಂದೇ: ಅದರಲ್ಲಿ ಈಜುವುದು.

ಇದು ಹೆಂಡತಿಗೆ ಗೊತ್ತು. ಅವಳ ಜೊತೆ ಆಳವಿಲ್ಲದ ಕಡೆಯಲ್ಲಿ, ಕಂಬಿ ಹಿಡಿದುಕೊಂಡು, ಎದೆಮಟ್ಟದ ತನಕ ಅವನೂ ನಡೆಯುತ್ತಾನೆ. ಅದರಾಚೆಗೆ ಅವನ ಪಾಲಿಗೆ ಪರದೇಶ.

ಅತ್ತೆಗೆ ಗೊತ್ತಿಲ್ಲ. ಗೊತ್ತಾಗದಂತೆ ಅವನು ನೋಡಿಕೊಂಡದ್ದು ಹುಡುಗನಾಗಿದ್ದಾಗಲೇ.

ಅವನು ಬೆಳೆದ ಹಳ್ಳಿಯ ಹೊರಗೆ, ಕಲ್ಲು ತೆಗೆದು ಬಿಟ್ಟ ದೊಡ್ಡ ಗುಂಡಿಯೊಂದಿತ್ತು. ಮಳೆನೀರು ತುಂಬಿ ತುಂಬಿ ಗಿಳಿಯ ರೆಕ್ಕೆಯ ಬಣ್ಣಕ್ಕೆ ತಿರುಗಿದ ನೀರು. ಒಬ್ಬ ಕೂಗಿದರೆ ನಾಲ್ಕು ಜನ ಕೂಗಿದಂತೆ ಬಂಡೆಗಳು ಮರುನುಡಿಯುತ್ತಿದ್ದವು. ಬಿಸಿಲಿಗೆ ಕಾದ ಕಲ್ಲಿನ ವಾಸನೆ, ಒದ್ದೆ ಪಾಚಿಯ ವಾಸನೆ, ಮಕ್ಕಳ ತಲೆಯ ಒದ್ದೆ ಕೂದಲಿನ ವಾಸನೆ, ಇವು ಮೂರೂ ಕಲೆತರೆ ಅವನಿಗೆ ಇವತ್ತಿಗೂ ಬೇಸಿಗೆ. ಬಂಡೆಯ ಮೇಲೆ ಅತ್ತೆ ನಿಂತಿರುತ್ತಿದ್ದಳು. ತಾಯಿಯಿಲ್ಲದ ಅವನನ್ನು ಸಾಕಿದವಳು, ಇಡೀ ಹಳ್ಳಿಯ ಮಕ್ಕಳಿಗೆ ಈಜು ಕಲಿಸಿದವಳು. ಅವಳ ದನಿ ಕೇಳಿದರೆ ಮುಳುಗುವವನೂ ನಾಚಿಕೊಂಡು ಮೇಲೆ ಬರುತ್ತಿದ್ದ. "ಕಾಲು ಬಡಿ! ಉಸಿರು ಹಿಡಿ! ನೀರಿನ ಜೊತೆ ಜಗಳ ಆಡ್ಬೇಡ್ವೋ, ಅದಕ್ಕೆ ನಿನಗಿಂತ ಬಿಡುವು ಜಾಸ್ತಿ!"

ಎಲ್ಲರಿಗೂ ಬಂತು, ಪುಟ್ಟನಿಗೆ ಬರಲಿಲ್ಲ. ಅಂಚಿನುದ್ದಕ್ಕೂ ನೀರೊಳಗೆ ಕಲ್ಲಿನ ಚಾಚೊಂದಿತ್ತು. ಕೊನೆಗೆ ಅವನು ಅದರ ಮೇಲೆ ಕಾಲೂರಿ ನಡೆಯುತ್ತ, ಕೈಗಳನ್ನು ಮಾತ್ರ ಬೀಸುತ್ತ, ಆಚೆ ತುದಿ ಮುಟ್ಟಿದ. "ಬಂತು! ನಮ್ಮ ಪುಟ್ಟಂಗೂ ಬಂತು!" ಎಂದು ಅತ್ತೆ ಕೂಗಿದ ಕೂಗು ಬಂಡೆಗಳಿಗೆಲ್ಲ ಬಡಿದು ಅವನ ಕಿವಿಯಲ್ಲೇ ಉಳಿದುಬಿಟ್ಟಿತು. ಆ ಕೂಗಿಗೆ ಇಲ್ಲ ಎನ್ನುವ ಧೈರ್ಯ ಯಾವ ಹುಡುಗನಿಗಿದೆ?

ಅಷ್ಟಕ್ಕೇ ಮುಗಿದಿದ್ದರೆ ಆಗುತ್ತಿತ್ತು. ಆದರೆ ಈ ಮನೆಗೆ ಬಂದ ಹೊಸತರಲ್ಲಿ ಒಮ್ಮೆ ಅವನು ಕೊಳದ ಗೋಡೆ ಉಜ್ಜುತ್ತಿದ್ದಾಗ ಅತ್ತೆಯ ಫೋನು ಬಂತು. "ಏನೋ, ಏದುಸಿರು ಬಿಡ್ತಿದ್ದೀಯ?" "ನೀರಲ್ಲಿದ್ದೆ ಅತ್ತೆ." "ಈಜ್ತಿದ್ದೆಯಾ?" "ಹೂಂ" ಎಂದ. ಒಂದಕ್ಷರ.  ಆಚೆಯಿಂದ ಮೂಗೊರೆಸಿಕೊಂಡ ಸದ್ದು. "ನಾನು ಕಲಿಸಿದೋರೆಲ್ಲ ದಡ ಸೇರಿಬಿಟ್ರು ಕಣೋ. ಒಬ್ಬನಿಗೆ ಸೊಂಟ, ಒಬ್ಬನಿಗೆ ಎದೆನೋವು. ಗುಂಡೀನೂ ಮುಚ್ಚಿ ಮೇಲೆ ಗೋದಾಮು ಕಟ್ಟಿದ್ರು. ನೀನೊಬ್ಬ ಉಳಿದೆಯಲ್ಲ ನೀರಲ್ಲಿ. ಸಾಕು ನಂಗೆ."

ಆವತ್ತಿನಿಂದ ಪ್ರತಿ ಫೋನಿನಲ್ಲೂ ಅದೇ ಪ್ರಶ್ನೆ, ಅದೇ ಹೂಂ.

"ನಿಜ ಹೇಳ್ಬಿಡಿ," ಎಂದಳು ಹೆಂಡತಿ, ವಿಷಯ ಕೇಳಿ. "ಈ ವಯಸ್ಸಲ್ಲಿ ಅವರೇನು ನಿಮ್ಮನ್ನ ಹೊಡೀತಾರಾ?"

"ಹೊಡೆದ್ರೆ ಪರವಾಗಿಲ್ವೇ. ಅತ್ತುಬಿಟ್ರೆ?"

"ಹಾಗಾದ್ರೆ ಹುಷಾರಿಲ್ಲ ಅಂತ ಮಲ್ಕೊಳ್ಳಿ."

"ಮಲಗಿದ್ರೆ ಏಳೋ ತನಕ ತಲೆದೆಸೇಲಿ ಕೂತು ಕಾಯ್ತಾಳೆ. ಅವಳಿಗೇನು, ಇಡೀ ಹಳ್ಳಿ ಈಜೋ ತನಕ ಕಾದವಳು."  ಆಮೇಲೆ ಮೆಲ್ಲಗೆ, ಪಕ್ಕದ ಮನೆಗೆ ಕೇಳಬಾರದೆನ್ನುವಂತೆ, ಅಂದ: "ನನಗೆ ಹುಷಾರಿಲ್ಲ ಅಂದ್ರೆ ತಾನೇ ಕಷ್ಟ? ನೀರಿಗೇ ಹುಷಾರಿಲ್ಲ ಅಂದ್ರೆ?"

"ಚೆನ್ನಾಗಿದೆ! ನನ್ನ ಮಂಡಿ ಏನಾಗ್ಬೇಕು?"

"ಎರಡು ದಿನ ಮಂಚ ಹಿಡ್ಕೊಂಡು ನಡಿ."

ಹೆಂಡತಿ ಟವಲ್ಲನ್ನು ಹೆಗಲಿಂದ ತೆಗೆದು ಕುರ್ಚಿಯ ಮೇಲೆ ಎಸೆದು, ಮಾತಾಡದೆ ಒಳಗೆ ಹೋದಳು. ಅವಳು ಮಾತಾಡದೆ ಹೋದರೆ ಆ ಮಾತೆಲ್ಲ ಬೇರೆ ಯಾರಿಗೋ ತಲುಪುತ್ತದೆ ಎಂಬುದು ಕೊಳದಪ್ಪನಿಗೆ ಹೊಳೆಯಬೇಕಿತ್ತು.

ಪಾಚಿ ಬೆಳೆಸುವಷ್ಟು ಸಮಯವಿರಲಿಲ್ಲ. ಬೇಗ ಕೆಡಿಸಬೇಕೆಂದರೆ ಬಟ್ಟೆ ಸೋಡಾ. ಪಂಪಿನ ಗೂಡಿನಿಂದ ಸೋಡಾದ ಚೀಲ ಎತ್ತಿ ತಂದ. ಇಷ್ಟು ದಿನ ಚಮಚದಲ್ಲಿ ಅಳೆದು, ಬಕೆಟ್ಟಿನಲ್ಲಿ ಕರಗಿಸಿ, ನೋಯದಂತೆ ಬಿಡುತ್ತಿದ್ದ ಅದೇ ಕೈ ಇವತ್ತು ಚೀಲದ ಬಾಯಿ ಬಿಚ್ಚಿ ತಲೆಕೆಳಗು ಮಾಡಿತು. "ತಪ್ಪಾಯ್ತು ಕಣಮ್ಮ," ಎಂದ ನೀರಿಗೆ. ಸಾಕಿದ ಹಸುವನ್ನು ಮಾರುವವನ ಹಾಗೆ ಮುಖ ಬೇರೆ ಕಡೆ ತಿರುಗಿಸಿಕೊಂಡಿದ್ದ.

ಮತ್ತೆ ತಿರುಗಿ ನೋಡುವಷ್ಟರಲ್ಲಿ ನೀರು ಹಾಲಾಗಿತ್ತು. ತಳವಿಲ್ಲ, ಮೆಟ್ಟಿಲಿಲ್ಲ, ಕೈಯದ್ದಿದರೆ ಬೆರಳು ಕಾಣದು. ದುಃಖ ಸಂತೋಷ ಎರಡೂ ಒಟ್ಟಿಗೆ ಬಂದವು. ಖಾಲಿ ಚೀಲವನ್ನು ಗೂಡಿನ ಹಿಂದೆ ತುರುಕಿ ಬಂದು ಕಾಫಿಗೆ ಕೂತ.

ಕಾಫಿ ಆರುವ ಮೊದಲೇ ಹಿತ್ತಲ ಗೇಟು ಕಿರ್ರೆಂದಿತು. ಮುಂದೆ, ಆ ಗೇಟಿಗೆ ಎದುರುಮನೆಯ ಟೈಲರಕ್ಕ, ಕೊರಳಲ್ಲಿ ಅಳತೆ ಟೇಪು. ಹಿಂದೆ ಪಕ್ಕದ ಮನೆಯ ಕೆಮಿಸ್ಟ್ರಿ ಮೇಷ್ಟ್ರು, ಕೈಯಲ್ಲಿ ಗಾಜಿನ ನಳಿಗೆ. ಮೇಷ್ಟ್ರು ರಿಟೈರಾದ ಮೇಲೆ ಪಾಠ ಕೇಳುವವರಿಲ್ಲದೆ ಸೊರಗಿದ್ದರು. ಕೆಟ್ಟ ನೀರೆಂದು ಕಿವಿಗೆ ಬಿದ್ದದ್ದೇ ಮುಖಕ್ಕೆ ರಕ್ತ ಬಂದಿತ್ತು.

"ಏನಣ್ಣ ಇದು? ಅತ್ತೆಮ್ಮ ಬರೋ ದಿನಾನೇ ಹೀಗಾಗ್ಬೇಕಾ?" ಎಂದಳು ಟೈಲರಕ್ಕ. "ಅತ್ತಿಗೆ ಹೇಳಿದ್ರು. ಇಡೀ ಹಳ್ಳಿಗೇ ಈಜು ಕಲಿಸಿದೋರಂತಲ್ಲ! ನಾನಂತೂ ಬೀದಿಗೆಲ್ಲ ಹೇಳಿಬಿಟ್ಟೆ. ಸಂಜೆ ಎಲ್ಲಾ ಬರ್ತಾರೆ ನೀವು ಈಜೋದು ನೋಡೋಕೆ."

ಕೊಳದಪ್ಪನ ಕಾಫಿ ಅಡ್ಡದಾರಿ ಹಿಡಿಯಿತು. ಕೆಮ್ಮು ನಿಂತ ಮೇಲೆ, "ಇದು ಸರಿಹೋಗೋಕೆ ವಾರ ಬೇಕಕ್ಕ. ಬಿಟ್ಬಿಡಿ," ಎಂದ.

"ಯಾರು ಹೇಳಿದ್ದು ವಾರ?" ಎಂದರು ಮೇಷ್ಟ್ರು. "ಪಟ್ಟಿ ತನ್ನಿ."

ಪಟ್ಟಿ ಅದ್ದಿದರು. ಬಣ್ಣ ಬಂತು. ಯಾವ ಬಣ್ಣ ಎಂಬುದರ ಮೇಲೆ ತಕರಾರು ಬಂತು.

"ಗುಲಾಬಿ," ಎಂದರು ಮೇಷ್ಟ್ರು.

"ಇದು ಗುಲಾಬಿನಾ? ಮೇಷ್ಟ್ರೇ, ನಿಮ್ಮ ಮಗಳ ಮದುವೆ ಬಟ್ಟೆಗೂ ಹೀಗೇ ಹೇಳಿ ನನ್ನ ಕೈಲಿ ಎರಡು ಸಲ ಬಿಚ್ಚಿಸಿದ್ರಿ. ಇದು ಬೀಟ್‌ರೂಟು." ಟೈಲರಕ್ಕ ಮನೆಗೆ ಓಡಿ ದಾರದುಂಡೆಗಳ ಡಬ್ಬಿ ತಂದಳು. ಒಂದೊಂದೇ ಉಂಡೆಯನ್ನು ಪಟ್ಟಿಯ ಪಕ್ಕ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿ, ಕೊನೆಗೊಂದನ್ನು ಎತ್ತಿದಳು. "ನೋಡಿ, ಒಂದೇ ನೂಲು! ಬೀಟ್‌ರೂಟು."

"ಬೀಟ್‌ರೂಟಾದ್ರೆ ಕ್ಷಾರ ವಿಪರೀತ," ಎಂದು ಮೇಷ್ಟ್ರು ಸೋತದ್ದನ್ನೂ ಪಾಠವಾಗಿಸಿಕೊಂಡರು. "ಸುಣ್ಣದ ಅಂಶ ಕರಗಿ ಉಳಿಯೋಕಾಗದೆ ಪುಡಿಯಾಗಿ ತೇಲ್ತಿದೆ. ಆಸಿಡ್ಡು ಬಿಟ್ರೆ ಮತ್ತೆ ಕರಗುತ್ತೆ. ಎಲ್ಲಿದೆ ಆಸಿಡ್ಡು?"

"ಮುಗಿದಿದೆ," ಎಂದ ಕೊಳದಪ್ಪ.

"ಗೂಡಲ್ಲಿ ಕ್ಯಾನ್ ತುಂಬ ಇದೆಯಲ್ರೀ," ಎಂದಳು ಅಡಿಗೆಮನೆ ಕಿಟಕಿಯಿಂದ ಹೆಂಡತಿ.

ಬೇರೆ ದಾರಿಯಿರಲಿಲ್ಲ. ನೀರಿನ ವೈದ್ಯನೆಂದು ಬೀದಿಗೆಲ್ಲ ಹೆಸರಾದವನು ನನ್ನ ನೀರು ಕೆಟ್ಟೇ ಇರಲಿ ಎಂದು ಯಾವ ಬಾಯಿಂದ ಹೇಳಿಯಾನು? ಮೇಷ್ಟ್ರು ಕೈಗವಸು ಹಾಕಿಕೊಂಡು, ಮೂಗಿಗೆ ಟವಲ್ಲು ಕಟ್ಟಿ, ಕೊಳದ ಸುತ್ತ ನಡೆಯುತ್ತ ಆಸಿಡ್ಡು ಬಿಟ್ಟರು. ನಡೆಯುವಾಗ ಪಾಠವನ್ನೂ ಬಿಟ್ಟರು. ಪಂಪು ಗುಂಯ್ಗುಟ್ಟಿತು. ಮಧ್ಯಾಹ್ನದ ಊಟದ ಹೊತ್ತಿಗೆ ಹಾಲು ನೀರಾಗಿ, ನೀರಿನ ಕೆಳಗೆ ಮೆಟ್ಟಿಲುಗಳು ಒಂದೊಂದೇ ಮೂಡಿ ಬಂದವು. ಕೊಳದಪ್ಪನಿಗೆ ಒಳಗೊಳಗೇ ಸಮಾಧಾನವಾದದ್ದೂ ನಿಜ. ಅದಕ್ಕಾಗಿ ತನ್ನ ಮೇಲೆ ಸಿಟ್ಟು ಬಂದದ್ದೂ ನಿಜ.

ಎಲ್ಲರೂ ಊಟಕ್ಕೆ ಹೋದಾಗ ಅವನು ಪಂಪಿನ ಗೂಡಿಗೆ ನುಗ್ಗಿ, ಉಪ್ಪು ಒಡೆಯುವ ಆ ಕೊಳವೆಯನ್ನೇ ಬಿಚ್ಚಿ ತೆಗೆದ. ಕರುಳು ಕಿತ್ತು ಕೈಯಲ್ಲಿ ಹಿಡಿದಂತಿತ್ತು. ಮೇಷ್ಟ್ರು ತೇಗುತ್ತ ವಾಪಸು ಬಂದಾಗ ಅವನು ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ.

"ಇದೇ ಸತ್ತಿದೆ ಮೇಷ್ಟ್ರೇ. ಇದಿಲ್ದೆ ನೀರಿಗೆ ಕಾವಲಿಲ್ಲ. ಯಾರೂ ಇಳೀಬಾರ್ದು. ರಿಪೇರಿಯವನು ವಾರ ಬಿಟ್ಟು ಬರ್ತಾನಂತೆ."

"ಕೊಡಿ ಇಲ್ಲಿ." ಮೇಷ್ಟ್ರು ಕೊಳವೆಯನ್ನು ಬಿಸಿಲಿಗೆ ಹಿಡಿದರು. ತಗಡುಗಳ ಸಂದಿಯಲ್ಲಿ ಬಿಳಿ ಸುಣ್ಣ ಹಲ್ಲಿನ ಕಿಟ್ಟದಂತೆ ಕಟ್ಟಿಕೊಂಡಿತ್ತು. "ಸತ್ತಿಲ್ಲ ಮಾರಾಯ್ರೇ, ಹಲ್ಲುಜ್ಜಿಲ್ಲ! ನಿಮ್ಮಂಥೋರು ಇದನ್ನ ನೋಡದೆ ಬಿಟ್ಟಿರಾ?"

ಆ ಮಾತು ಕೊಳದಪ್ಪನಿಗೆ ನಾಟಿತು. ನಾಲ್ಕು ತಿಂಗಳಿಗೊಮ್ಮೆ ತೊಳೆಯುತ್ತಿದ್ದವನು ಈ ಸಲ ಹೆಂಡತಿಯ ಅಣ್ಣನ ಮನೆಗೆ ಹೋಗಿ ಮರೆತಿದ್ದ. ಬಕೆಟ್ಟಿನ ನೀರಿಗೆ ಆಸಿಡ್ಡು ಬೆರೆಸಿ ಮೇಷ್ಟ್ರು ಕೊಳವೆಯನ್ನು ಅದರಲ್ಲಿ ನಿಲ್ಲಿಸಿದರು. ಅದು ಬುಸುಗುಟ್ಟಿತು, ನೊರೆ ಉಗುಳಿತು, ಸುಮ್ಮನಾಯಿತು. ತೊಳೆದು ಜೋಡಿಸಿದಾಗ ಯಂತ್ರದ ಹಸಿರು ದೀಪ, ಹೊಸದಾಗಿ ತಂದ ದಿನವೂ ಇರದಷ್ಟು ಹುರುಪಿನಿಂದ ಹೊತ್ತಿಕೊಂಡಿತು.

ಅಷ್ಟರಲ್ಲಿ ಗೂಡಿನ ಹಿಂದಿನಿಂದ ಟೈಲರಕ್ಕನ ಕಿರುಚು.

"ಬನ್ನಿ ಇಲ್ಲಿ! ನೋಡಿ ಇದನ್ನ!" ಅವಳ ಕೈಯಲ್ಲಿ ಸೋಡಾದ ಖಾಲಿ ಚೀಲ ನೇತಾಡುತ್ತಿತ್ತು. "ನೀರು ತಾನಾಗಿ ಕೆಟ್ಟಿಲ್ಲ. ಯಾರೋ ಬೇಕೂಂತ್ಲೇ ಸುರಿದಿದ್ದಾರೆ!"

ಕೊಳದಪ್ಪ ಚೀಲಕ್ಕೆ ಕೈ ಚಾಚಿದ. "ಯಾರು ಸುರೀತಾರಕ್ಕ? ಬಿಡಿ, ಗಾಳಿಗೆ ಬಿದ್ದಿರ್ಬೇಕು."

"ಗಾಳಿ ಚೀಲದ ಹೊಲಿಗೆ ಬಿಚ್ಚುತ್ತಾ? ನೋಡಿ, ಕತ್ತರಿ ಹಾಕಿಲ್ಲ, ಎಳೆ ಹಿಡಿದು ಎಳೆದಿದ್ದಾರೆ. ಕೆಲಸ ಗೊತ್ತಿರೋ ಕೈ."

"ಪೇಟೇಲಿ ಕಾಸಿಗೆ ಈಜು ಕಲಿಸ್ತಾನಲ್ಲ, ಆ ಕೊಳದವನು," ಎಂದರು ಮೇಷ್ಟ್ರು, ಕಣ್ಣು ಕಿರಿದು ಮಾಡಿ. "ಇಲ್ಲಿ ಈಜು ಕಲಿಸೋರು ಬರ್ತಾರೆ ಅಂತ ಗೊತ್ತಾಗಿ ಹೊಟ್ಟೆ ಉರಿದಿರ್ಬೇಕು."

"ಅಯ್ಯೋ, ಅವನು ಪಾಪ!" ಎಂದುಬಿಟ್ಟ ಕೊಳದಪ್ಪ.

"ನಿಮಗೆ ಎಲ್ಲರೂ ಪಾಪವೇ. ಅದಕ್ಕೇ ನಿಮಗೆ ಹೀಗೆ ಮಾಡ್ತಾರೆ," ಎಂದಳು ಟೈಲರಕ್ಕ. ಹೊಲಿಗೆ ಯಂತ್ರವನ್ನು ಕೊಳ ಕಾಣುವಂತೆ ತನ್ನ ಜಗುಲಿಗೆ ಎಳೆಸಿಕೊಂಡಳು. ಕಾವಲು ಶುರುವಾಯಿತು.

ಬಿಸಿಲು ಇಳಿಯುತ್ತ ಬಂತು. ಕೊಳದಪ್ಪ ಗಡಿಯಾರ ನೋಡಿದ, ನೀರು ನೋಡಿದ, ನೀರಿನ ಮೇಲೆ ಕಂಡ ತನ್ನ ಮುಖ ನೋಡಿದ. ಉಳಿದದ್ದು ಒಂದೇ. ಹಿತ್ತಲ ಮೂಲೆಯಲ್ಲಿ ಗಿಡಗಳಿಗೆಂದು ಕೊಳೆಸಿಟ್ಟ ಎಲೆಗೊಬ್ಬರದ ಮೂಟೆಯಿತ್ತು. ಅದೊಂದು ಬಿದ್ದರೆ ಯಾವ ಆಸಿಡ್ಡಿನಪ್ಪನೂ ಸಂಜೆಯೊಳಗೆ ತೆಗೆಯಲಾರ. ಟೈಲರಕ್ಕ ಸೂಜಿಗೆ ದಾರ ಪೋಣಿಸಲು ತಲೆ ಬಗ್ಗಿಸಿದ ಗಳಿಗೆ ನೋಡಿ, ಮೂಟೆ ಹೆಗಲಿಗೇರಿಸಿ, ಬಗ್ಗಿ ಬಗ್ಗಿ ಓಡಿದ. ಕೊಳದ ಅಂಚು ಮುಟ್ಟಿದ. ಮೂಟೆಯ ಬಾಯಿಗೆ ಕೈ ಹಾಕಿದ.

"ಹಿಡ್ಕೊಂಡ್ರು! ಅಣ್ಣ ಕಳ್ಳನ ಮೂಟೆ ಹಿಡ್ಕೊಂಡ್ರು!"

ಗೇಟಿನಲ್ಲಿ ಬೀದಿಗೆ ಬೀದಿಯೇ ನಿಂತಿತ್ತು. ಮೇಷ್ಟ್ರು ಮುಂದೆ ಓಡಿ ಬಂದು ಮೂಟೆ ಕಿತ್ತುಕೊಂಡು, ಒಳಗೆ ಕೈಯಿಟ್ಟು ಮೂಸಿದರು. "ಗೊಬ್ಬರ! ನೋಡಿದ್ರಾ? ಸೋಡಾ ಫಲಿಸಲಿಲ್ಲ ಅಂತ ಗೊಬ್ಬರ ತಂದಿದ್ದಾನೆ ಕಳ್ಳ. ಇವರು ನೋಡ್ದೆ ಇದ್ದಿದ್ರೆ ಕೊಳ ಕೆಸರುಗದ್ದೆ!"

"ಯಾವ ಕಡೆ ಓಡಿದ ಅಣ್ಣ?"

  ಕೊಳದಪ್ಪನ ಕೈ ತಾನಾಗಿ ಎತ್ತಲೋ ತೋರಿಸಿತು. ಇಬ್ಬರು ಅತ್ತ ಓಡಿದರು. ಉಳಿದವರು ಅವನ ಬೆನ್ನು ತಟ್ಟಿದರು, ಅಂಗಿಗೆ ಹತ್ತಿದ ಗೊಬ್ಬರ ಕೊಡವಿದರು, ಕುರ್ಚಿ ಹಾಕಿ ಕೂರಿಸಿದರು. ಹೆಂಡತಿ ನೀರಿನ ಲೋಟ ಕೊಡುತ್ತ ಕಿವಿಯ ಹತ್ತಿರ ಬಗ್ಗಿ, "ಕಳ್ಳನ ಮುಖ ನೋಡಿದ್ರಾ? ಮೀಸೆ ಇತ್ತಾ, ನಿಮ್ಮ ಹಾಗೆ?" ಎಂದಳು.

ಆ ಸಂಜೆಯ ನೀರನ್ನು ನೋಡಬೇಕಿತ್ತು. ಸೋಡಾ, ಆಸಿಡ್ಡು, ತೊಳೆದ ತಗಡು ಎಲ್ಲ ಸೇರಿ ಅದನ್ನು ಯಾವ ಹದಕ್ಕೆ ತಂದಿದ್ದವೆಂದರೆ, ಇಷ್ಟು ವರ್ಷ ತಲೆ ಕೆಡಿಸಿಕೊಂಡರೂ ಅವನ ಕೈಗೆ ಸಿಗದಿದ್ದ ತಿಳಿ ಅದಕ್ಕೆ ಬಂದಿತ್ತು. ಆಳದ ಕಡೆಯ ಟೈಲ್ಸಿನ ಗೆರೆಗಳನ್ನೂ ಎಣಿಸಬಹುದಿತ್ತು. ಮೇಲೆ ನೀರಿದೆಯೆಂದು ತಿಳಿಯಲು ಬೆರಳಿಟ್ಟೇ ನೋಡಬೇಕಿತ್ತು. ಕೊಳದಪ್ಪ ತನ್ನ ಗತಿಯನ್ನೂ ಮರೆತು ಒಂದು ಗಳಿಗೆ ಬಾಯಿಬಿಟ್ಟುಕೊಂಡು ನೋಡಿದ. ಇಂಥ ನೀರಿನಲ್ಲಿ ಮುಳುಗುವವನನ್ನು ಇಡೀ ಬೀದಿ ಚೊಕ್ಕವಾಗಿ ಕಾಣಬಹುದು.

ಅಷ್ಟರಲ್ಲಿ ಕಾರು ಬಂದು ನಿಂತಿತು.

ಅತ್ತೆ ಇಳಿದಳು. ಬಂಡೆಯ ಮೇಲೆ ಆಳೆತ್ತರ ಕಾಣುತ್ತಿದ್ದವಳು ಈಗ ಅವನ ಭುಜಕ್ಕೂ ಬರುತ್ತಿರಲಿಲ್ಲ. ಡ್ರೈವರು ಹಿಂದಿನಿಂದ ಒಂದು ದೊಡ್ಡ ಟ್ರಂಕು ಇಳಿಸಿದ. ಅವಳು ಕೊಳದಪ್ಪನ ಕೆನ್ನೆಯನ್ನು ಎರಡು ಕೈಯಲ್ಲೂ ಹಿಡಿದು, "ಎಷ್ಟು ಸೊರಗಿದ್ದೀಯೋ. ನೀರಲ್ಲೇ ಬಿದ್ದಿರ್ತೀಯ ಅಂತ ಕಾಣುತ್ತೆ," ಎಂದಳು. ಜನ ದಾರಿ ಬಿಟ್ಟರು. ಕೊಳದ ಅಂಚಿಗೆ ಬಂದು ಅವಳು ಬಹಳ ಹೊತ್ತು ನೋಡಿದಳು.  ಪಂಪು ದನಿ ತಗ್ಗಿಸಿದಂತೆ ಕಂಡಿತು.

"ತಳ ಕಾಣುತ್ತಲ್ಲೋ," ಎಂದಳು ಕೊನೆಗೆ. "ನಮ್ಮ ಗುಂಡೀಲಿ ಯಾರಿಗೂ ತಳ ಕಂಡಿರಲಿಲ್ಲ."

"ಅತ್ತೆಮ್ಮ, ಅಣ್ಣ ಈಗ ಈಜಿ ತೋರಿಸ್ತಾರೆ!" ಎಂದಳು ಟೈಲರಕ್ಕ. ಬೀದಿ ಚಪ್ಪಾಳೆ ತಟ್ಟಿತು. ಯಾರೋ ಅವನ ಅಂಗಿಯ ಗುಂಡಿಗೆ ಕೈ ಹಾಕಿದರು. ಕೊಳದಪ್ಪನ ಕಣ್ಣಿಗೆ ಟೈಲ್ಸಿನ ಗೆರೆಗಳು ಅಲ್ಲಾಡತೊಡಗಿದವು.

"ಬೇಡ," ಎಂದಳು ಅತ್ತೆ.

ಗುಂಡಿ ಬಿಚ್ಚುತ್ತಿದ್ದ ಕೈ ಹಿಂದೆ ಸರಿಯಿತು.

"ಇವತ್ತು ಬೇಡಮ್ಮ. ನಾನೂ ದಣಿದಿದ್ದೀನಿ, ಅವನ ಮುಖಾನೂ ನೋಡಿ, ಬಿಳಿಚಿಕೊಂಡಿದೆ. ಎಲ್ಲಾ ಹೋಗಿಬನ್ನಿ. ನೀರೇನು ಎಲ್ಲೂ ಓಡಿಹೋಗಲ್ಲ."

ಬಂಡೆಗಳಿಗೆ ಬಡಿದು ಮರಳುತ್ತಿದ್ದ ಆ ದನಿಗೆ ಇನ್ನೂ ಎದುರಿರಲಿಲ್ಲ. ಬೀದಿ ಗೊಣಗುತ್ತ ಚದುರಿತು. "ಇನ್ಮೇಲೆ ದಿನಾ ಬೆಳಿಗ್ಗೆ ನಾನೇ ಬಂದು ನೀರು ನೋಡ್ಕೋತೀನಿ," ಎಂದರು ಮೇಷ್ಟ್ರು. "ಕಾವಲು ನಂದು," ಎಂದಳು ಟೈಲರಕ್ಕ. ಹೆಂಡತಿ ಸ್ನಾನಕ್ಕೆ ಬಿಸಿನೀರಿಡಲು ಒಳಗೆ ಹೋದಳು. ಕೊಳದಪ್ಪನಿಗೆ ಬೆಳಗಿನಿಂದ ಮೊದಲ ಸಲ ಪೂರ್ತಿ ಉಸಿರು ಬಂತು.

ಅತ್ತೆ ಚಪ್ಪಲಿ ಬಿಟ್ಟು, ಮೆಟ್ಟಿಲ ಮೇಲೆ ಕೂತು, ಪಾದಗಳನ್ನು ನೀರಿಗೆ ಇಳಿಬಿಟ್ಟಳು. ಅವನೂ ಪಕ್ಕದಲ್ಲಿ ಕೂತ. ಸಂಜೆಗೆಂಪು ನೀರಿನ ಮೇಲೆ ಹರಡಿತ್ತು.

"ಆ ಗುಂಡಿ ವಾಸನೆ ನೆನಪಿದೆಯೇನೋ?"

"ಕಾದ ಕಲ್ಲಿಂದು, ಪಾಚಿದು."

"ಒದ್ದೆ ತಲೆಗಳದ್ದು. ಎಲ್ಲರ ತಲೇನೂ ನಾನೇ ಒರೆಸ್ತಿದ್ದೆ. ಒಬ್ಬೊಬ್ಬನ ತಲೆ ಒಂದೊಂದು ಆಕಾರ. ಕಣ್ಣು ಮುಚ್ಕೊಂಡು ಮುಟ್ಟಿದ್ರೂ ಇವನು ಕಮ್ಮಾರರವನು, ಇವನು ಗಾಡಿಯವನ ಮಗ ಅಂತ ಹೇಳ್ತಿದ್ದೆ." ಅವಳು ಕಾಲಿನಿಂದ ನೀರನ್ನು ಮೆಲ್ಲಗೆ ಕದಡಿದಳು. "ಎಲ್ಲಾ ಹೋಯ್ತು."

ಆ ಮಾತು ಕೇಳಿ ಅವನಿಗೆ ಇನ್ನು ತಡೆಯಲಾಗಲಿಲ್ಲ. ಇಷ್ಟು ಒಳ್ಳೆಯ ಜೀವಕ್ಕೆ, ಇಷ್ಟು ತಿಳಿನೀರಿನ ಮುಂದೆ, ಇನ್ನೆಷ್ಟು ದಿನ ಹೂಂ ಅನ್ನುವುದು? ಅತ್ತರೆ ಅಳಲಿ, ತಾನೂ ಜೊತೆಗೆ ಅಳುವುದು.

"ಅತ್ತೆ, ನಿನಗೊಂದು ಮಾತು ಹೇಳ್ಬೇಕು."

"ನಂಗೂ ಇದೆ. ಮೊದಲು ನನ್ನದು ಕೇಳು, ಆಮೇಲೆ ಮರೆತುಹೋಗುತ್ತೆ." ಅವಳು ಹಿಂದೆ ಮುಂದೆ ನೋಡಿ, ಅವನ ಕಿವಿಗೆ ಬಾಯಿ ತಂದಳು. "ನಂಗೆ ಈಜು ಬರಲ್ಲ ಕಣೋ."

ಕೊಳದಪ್ಪ ಅವಳನ್ನೇ ನೋಡಿದ.

"ಹುಟ್ಟಿದಾಗಿಂದ ಬರಲ್ಲ. ಒಂದಿನ ಬಟ್ಟೆ ಒಗೀತಿದ್ದೆ, ಕಮ್ಮಾರರ ಹುಡುಗ ಗುಂಡಿಗೆ ಬಿದ್ದ. ಹಾರೋಕೆ ಧೈರ್ಯ ಇಲ್ಲ, ಓಡೋಕೆ ಮನಸ್ಸಿಲ್ಲ. ಗಾಬರಿಗೆ ಬಾಯಿಗೆ ಬಂದದ್ದು ಕೂಗಿದೆ. ಕಾಲು ಬಡಿಯೋ ಅಂದೆ, ಬಡಿದ. ಕೈ ಚಾಚೋ ಅಂದೆ, ಚಾಚಿದ. ದಡಕ್ಕೆ ಬಂದುಬಿಟ್ಟ! ಮಾರನೇ ದಿನ ಮನೆ ಮುಂದೆ ಮಕ್ಕಳ ಹಿಂಡು. ಹೆತ್ತೋರೇ ಕರ್ಕೊಂಡು ಬಂದು ನಿಂತಿದ್ರೆ ಏನು ಹೇಳ್ಲಿ? ಗುಂಡೀಲಿ ಕಪ್ಪೆಗಳಿದ್ವಲ್ಲ, ಅವು ಹೇಗೆ ಮಾಡ್ತವೋ ನೋಡ್ಕೊಂಡು ಅದನ್ನೇ ಕೂಗಿ ಹೇಳ್ತಿದ್ದೆ. ಕಲಿಸೋಳಿಗೆ ಪರೀಕ್ಷೆ ಇಡೋರು ಯಾರು? ನಡೆದುಹೋಯ್ತು."

"ಕಪ್ಪೆಗಳು," ಎಂದ ಕೊಳದಪ್ಪ.

"ಕಪ್ಪೆಗಳೇ. ನಗ್ಬೇಡ. ನೀವೆಲ್ಲ ನೀರಲ್ಲಿ ನಗ್ತಿದ್ರಿ, ನಾನು ಬಿಸಿಲಲ್ಲಿ ನಿಂತು ಗಂಟಲು ಹರ್ಕೋತಿದ್ದೆ. ಒಂದ್ಸಲ, ಒಂದೇ ಒಂದ್ಸಲ ಆ ನೀರು ನನ್ನನ್ನೂ ಹೊತ್ಕೊಂಡ್ರೆ ಹೇಗಿರುತ್ತೆ ಅಂತ ಎಷ್ಟು ಆಸೆ ಪಟ್ಟಿದ್ದೀನಿ ಗೊತ್ತಾ? ಯಾರನ್ನ ಕೇಳ್ಲಿ? ನನ್ನ ಮಾನ ಉಳಿಸೋರು ಯಾರಿದ್ದಾರೆ?" 

ಒದ್ದೆಯಾದ ಬೆರಳುಗಳಿಂದ ಅವಳು ಅವನ ಮುಂಗೈ ಹಿಡಿದಳು.  "ಅದಕ್ಕೇ ಬಂದೆ. ನೀನು ಕಲಿಸ್ಬೇಕು. ಬೆಳಿಗ್ಗೆ, ಜನ ಏಳೋ ಮೊದಲು. ಕಲಿಯೋ ತನಕ ನಾನಿಲ್ಲಿಂದ ಕದಲಲ್ಲ. ಟ್ರಂಕು ತುಂಬ ಬಟ್ಟೆ ತಂದಿದ್ದೀನಿ. ಈ ಕಡೆ ಮಕ್ಕಳಾಟ ಬೇಡ. ನೇರ ಆ ಆಳದ ಕಡೆಗೇ ಕರ್ಕೊಂಡು ಹೋಗು."

ಕೊಳದಪ್ಪ ಆಳದ ಕಡೆ ನೋಡಿದ. ಎಲ್ಲವೂ ಸ್ಪಷ್ಟವಾಗಿ ಕಾಣುತ್ತಿತ್ತು.

"ಸರಿ, ನಿಂದೇನೋ ಹೇಳ್ಬೇಕು ಅಂದೆಯಲ್ಲ. ಏನು?"

ಅವಳ ಮುಖದಲ್ಲಿ, ಬಂಡೆಯ ಅಂಚಿನಲ್ಲಿ ತಮ್ಮ ಸರದಿಗೆ ಕಾಯುತ್ತಿದ್ದ ಆ ಮಕ್ಕಳಲ್ಲಿದ್ದಂಥ ಕಾತರವಿತ್ತು. 

"ಏನಿಲ್ಲ ಅತ್ತೆ. ಬೆಳಿಗ್ಗೆ ನೀರು ಸ್ವಲ್ಪ ತಣ್ಣಗಿರುತ್ತೆ ಅಂತ."

"ಇರ್ಲಿ ಬಿಡು," ಎಂದಳು ಅತ್ತೆ, ನೆಮ್ಮದಿಯಿಂದ ಅವನ ಭುಜಕ್ಕೆ ಒರಗುತ್ತ. "ಮುಳುಗಿದ್ರೆ ಎತ್ತೋಕೆ ನೀನಿದ್ದೀಯಲ್ಲ."